ಸದ್ದಿಲ್ಲದ ಹಲಗೆ

ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಆಮೆ ಎಂದು. ಓರಗೆಯ ಮಕ್ಕಳೆಲ್ಲ ಬೀದಿ ಸುತ್ತುವಾಗಲೂ ಅವಳು ಗೋಡೆ ಹಿಡಿದೇ ನಿಂತಿರುತ್ತಿದ್ದಳು. ಒಮ್ಮೆ ಗೋಡೆ ಬಿಟ್ಟವಳು ಮಾತ್ರ ನಡೆಯಲೇ ಇಲ್ಲ, ನೇರ ಓಡಿದಳು. ಅವಳಪ್ಪ ಶಾಲೆಯ ಡ್ರಿಲ್ ಮೇಷ್ಟ್ರು. ಹುಡುಗಿಯರ ಇನ್ನೂರು ಮೀಟರ್ ದಾಖಲೆಯನ್ನು ಇವಳೇ ಮುರಿಯಬೇಕೆಂದು ಅಂದಿನಿಂದಲೇ ಹಟ ಹಿಡಿದರು.

ಬೆಳಗ್ಗೆ ಪಾತ್ರೆಗಳನ್ನು ನೆನೆಹಾಕಿ ಅಮ್ಮನೂ ಮೈದಾನಕ್ಕೆ ಹೋಗುತ್ತಿದ್ದಳು. ಹಳೇ ಮಂಚದ ಎರಡು ಹಲಗೆಗಳನ್ನು ತಲೆಯ ಮೇಲೆತ್ತಿ ಫಟ್ಟೆಂದು ಬಡಿಯುವುದು ಅವಳ ಕೆಲಸ. ಮಗಳು ಆ ಸದ್ದಿಗೆ ಓಟ ಶುರುಮಾಡಬೇಕು. ಮೈದಾನದ ಆ ತುದಿಯಲ್ಲಿ ನಿಂತ ಮೇಷ್ಟ್ರು ಹಲಗೆ ಕೂಡುವುದನ್ನು ನೋಡಿ ಕೈಯಲ್ಲಿನ ಸ್ಟಾಪ್‌ವಾಚ್ ಗಡಿಯಾರ ಒತ್ತಬೇಕು.

"ಕಣ್ಣಲ್ಲಿ ಒತ್ತಬೇಕು, ಕಿವೀಲಲ್ಲ. ಸದ್ದು ಸೋಮಾರಿ, ಇಲ್ಲಿಗೆ ಬರೋಷ್ಟರಲ್ಲಿ ತಡವಾಗಿರುತ್ತೆ" ಎಂದು ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಪಾಠ ಹೇಳಿದ್ದರು.

"ನನ್ನ ಮಾತೂ ನಿಮಗೆ ಹಾಗೇ ತಡವಾಗಿ ಮುಟ್ಟುತ್ತೆ" ಎಂದು ಅವಳು ನಕ್ಕಿದ್ದಳು.

ಈ ವರ್ಷ ಗಡಿಯಾರ ಒಳ್ಳೆಯ ಸುದ್ದಿಯನ್ನೇ ಹೇಳುತ್ತಿತ್ತು. ದಾಖಲೆ ಮುರಿಯಿತು, ಮತ್ತೊಮ್ಮೆ ಮುರಿಯಿತು. ಮೇಷ್ಟ್ರು ಬೀದಿಯಲ್ಲಿ ಕಂಡವರಿಗೆಲ್ಲ ಹೇಳಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಬೇಡ ಎಂದರೆ ಕೇಳುವವರಾರು?

ದೊಡ್ಡ ಪಂದ್ಯದಲ್ಲಿ ವೇಳೆ ಹಿಡಿದದ್ದು ಯಂತ್ರ. ಆಮೆ ನಾಲ್ಕನೆಯವಳಾಗಿ ಬಂದಳು. ದಾಖಲೆಯ ಹತ್ತಿರಕ್ಕೂ ಹೋಗಿರಲಿಲ್ಲ.

"ಮನೆ ಮುಂದೆ ಹುಲಿ, ಜನರ ಮುಂದೆ ಇಲಿ. ಪುಕ್ಕಲಿ!" ಎಂದರು ಮೇಷ್ಟ್ರು.

ಆ ಒಂದು ಮಾತು ಮಗಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಊಟ ಸೇರಲಿಲ್ಲ. ಮೊಣಕಾಲು ಊದಿಕೊಂಡರೂ ಮೈದಾನ ಬಿಡಲಿಲ್ಲ. ಅಮ್ಮ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದರೆ, "ನಾನು ಹೆದರಿದ್ದು ನನಗೇ ಗೊತ್ತಾಗಲಿಲ್ವಲ್ಲಮ್ಮ" ಎನ್ನುತ್ತಿದ್ದಳು.

ಅದಕ್ಕೆ ಉತ್ತರ ಅಮ್ಮನಿಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಮೇಷ್ಟ್ರು ಹೂಜಿಯಿಂದ ನೀರು ಬಗ್ಗಿಸಿದರು. ನೀರು ಲೋಟದ ಪಕ್ಕದಲ್ಲಿ ಬಿದ್ದು ಮೇಜಿನುದ್ದಕ್ಕೂ ಹರಿಯಿತು. ಅವರು ಖಾಲಿ ಲೋಟವನ್ನೇ ತುಟಿಗೆತ್ತಿ, ಏನೂ ಆಗದವರಂತೆ ಇಳಿಸಿದರು. ಅಮ್ಮ ಮೇಜು ಒರೆಸಿದಳು. ಲೋಟವೇ ಕಾಣದ ಕಣ್ಣಿಗೆ ಮೈದಾನದಾಚೆಯ ಹಲಗೆ ಕಂಡೀತೇ? ಹಾಗಾದರೆ ಇಷ್ಟು ದಿನ ಗಡಿಯಾರ ಒತ್ತಿದ್ದು ಕಿವಿ. ತಡವಾಗಿ ಒತ್ತಿದಷ್ಟೂ ಮಗಳ ವೇಳೆ ಕಡಿಮೆಯಾಗಿ ಕಂಡಿದೆ.

ಹೇಳಿದರೆ ಗಂಡನ ಕೆಲಸ ಹೋದೀತು, ಮಾನವೂ ಹೋದೀತು. ಹೇಳದಿದ್ದರೆ ಮಗಳು ಪುಕ್ಕಲಿಯಾಗಿಯೇ ಉಳಿಯುತ್ತಾಳೆ. ಒಗೆದ ಬಟ್ಟೆ ಹಿಂಡುತ್ತಾ ಅಮ್ಮ ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದಳು.

ಮರುದಿನ ಹಲಗೆಗಳಿಗೆ ಅಡುಗೆಮನೆಯ ಕೈಬಟ್ಟೆ ಸುತ್ತಿದಳು.

"ಇದೇನಮ್ಮ?"

"ಇವತ್ತು ಸದ್ದಿಲ್ಲ ಕಂದಾ. ನಾನು 'ಹೋಗು' ಅಂದಾಗ ಹೋಗು. ಊದಿದ ಕಾಲು, ಜೋರಾಗಿ ಓಡ್ಬೇಡ."

ಹಲಗೆ ಎತ್ತಿ ಕೂಡಿಸಿದಳು. ಬೆಳಕು ಚೆನ್ನಾಗಿತ್ತು, ನಡುವೆ ಒಂದು ನರಪಿಳ್ಳೆಯೂ ಇರಲಿಲ್ಲ. ಮಗಳು ತಿರುವು ದಾಟಿದಳು. ಮೇಷ್ಟ್ರು ಹೆಬ್ಬೆರಳನ್ನು ಗಡಿಯಾರದ ಮೇಲಿಟ್ಟು, ಕತ್ತು ಓರೆ ಮಾಡಿ, ಸದ್ದಿಗೆ ಕಾಯುತ್ತಲೇ ಇದ್ದರು. ಅವಳು ಎದುರಿಗೇ ಬಂದು ನಿಂತಾಗ ಬೆಚ್ಚಿಬಿದ್ದರು.

"ಯಾಕೆ ಬಂದೆ? ನಿಮ್ಮಮ್ಮ ಇನ್ನೂ ಹಲಗೇನೇ ಬಡಿದಿಲ್ಲವಲ್ಲೇ!"

ಮಗಳು ಗಡಿಯಾರ ನೋಡಿದಳು, ಬರೀ ಸೊನ್ನೆ. ಆಮೇಲೆ ಅಪ್ಪನ ಕಣ್ಣು ನೋಡಿದಳು.

ಹಲಗೆ ಹಿಡಿದ ಅಮ್ಮ ಏದುಸಿರು ಬಿಡುತ್ತಾ ಬಂದಳು. "ಬಡಿದೆ ರೀ. ಬಟ್ಟೆ ಸುತ್ತಿದ್ದೆ."

ಮೇಷ್ಟ್ರು ಬಟ್ಟೆ ಸುತ್ತಿದ ಹಲಗೆಯನ್ನು ಕೈಯಿಂದ ಸವರಿ ನೋಡಿದರು. "ಕೇಳಿಸುತ್ತಲ್ಲ, ಅಷ್ಟೇ ಸಾಕಾಗುತ್ತೆ ಅಂದ್ಕೊಂಡೆ" ಎಂದರು. "ಡಾಕ್ಟ್ರು ಈ ಕಣ್ಣು ಇನ್ನು ಸರಿಹೋಗಲ್ಲ ಅಂದ್ರು ಕಣೇ. ಇವಳ ದಾಖಲೆ ಒಂದು ನೋಡಿಬಿಡೋಣ ಅಂತ…"

"ಹಾಗಾದ್ರೆ ನಾನು ಹೆದರಿರಲಿಲ್ವಾಮ್ಮ?"

"ಇಲ್ಲ ಕಂದಾ. ನಿನ್ನ ಕೈಲಾದಷ್ಟೂ ಓಡಿದ್ದೆ."

ಮಗಳ ಮುಖ ಅರಳಿತು. ಆ ಮಾತಿನ ಇನ್ನೊಂದು ಅರ್ಥ ಹೊಳೆಯುತ್ತಲೇ ಬಾಡಿತು. ಅವಳು ದಾಖಲೆಯನ್ನು ಒಮ್ಮೆಯೂ ಮುರಿದಿರಲಿಲ್ಲ. ಬಗ್ಗಿ, ನಿಧಾನವಾಗಿ ಬೂಟಿನ ದಾರ ಬಿಚ್ಚಿದಳು. ಮುಳ್ಳು ತೆಗೆಯಲು ಹೋಗಿ ತಾನೇ ಗಾಯ ದೊಡ್ಡದು ಮಾಡಿದೆನೇನೋ ಎಂದುಕೊಳ್ಳುತ್ತಾ ಅಮ್ಮ ಆ ಬೂಟುಗಳನ್ನು ಎತ್ತಿಕೊಂಡಳು.

ಮನೆಯತ್ತ ಮಗಳು ಬರಿಗಾಲಲ್ಲಿ, ಕುಂಟುತ್ತಾ ಮುಂದೆ ನಡೆದಳು. ಗೇಟಿನ ಹತ್ತಿರ ತಿರುಗದೆಯೇ, "ಅಪ್ಪಾ, ಮೆಟ್ಟಿಲು" ಎಂದಳು.

"ನನಗೊತ್ತು" ಎಂದು ಮೇಷ್ಟ್ರು ಕಾಲೆತ್ತಿದರು. ಮೆಟ್ಟಿಲು ಇನ್ನೂ ಒಂದು ಹೆಜ್ಜೆ ಮುಂದಿತ್ತು.