ಗೋರಾ ಹೊಂಡದ ನೀರು

ನೀರು ಮತ್ತೆ ಇಳಿದಿತ್ತು.

ಭುಜಂಗರಾಯರು ಕೊಳದ ಕಟ್ಟೆಯಿಂದ ಮಾರು ದೂರ ನಿಂತು, ಕೊಡೆಯ ತುದಿ ಚಾಚಿ ಎದುರು ಗೋಡೆಯನ್ನು ತೋರಿಸಿದರು. ನಿನ್ನೆ ಸಂಜೆ ಅಲ್ಲಿ ಇದ್ದಲಿಯಿಂದ ಗೆರೆ ಎಳೆಸಿದ್ದರು. ಈಗ ಗೆರೆಗೂ ನೀರಿಗೂ ನಡುವೆ ಗೇಣುದ್ದ ಒದ್ದೆ ಕಲ್ಲು ಹೊಳೆಯುತ್ತಿತ್ತು.

"ಗೇಣ ಇಳದೈತಿ ನೋಡ್ರಿ ಸಾಹೇಬ್ರ," ಎಂದಳು ಕಾಶವ್ವ. ಅವಳು ಕಟ್ಟೆಯ ಅಂಚಿನಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಒಳಗೆ ಇಣುಕುತ್ತಿದ್ದಳು. "ಎಲ್ಲ್ಯರ ಗ್ವಾಡಿ ಬಾಯಿ ತಕ್ಕೊಂಡು ಕುಂತಿರಬೇಕು."

"ಎಲ್ಲೆ ಅಂತ ಗೊತ್ತಾದ್ರ ಆಗಿತ್ತಲ್ಲ? ನೀ ಸ್ವಲ್ಪ ಹಿಂದ ಸರಿ. ಅಷ್ಟು ಅಂಚಿಗೆ ಕೂಡಬ್ಯಾಡ."

ಕಾಶವ್ವ ನಕ್ಕಳು, ಆದರೂ ಸರಿದು ಕುಳಿತಳು. ವಿಜಾಪುರದ ಕಡೆಯವಳು. ಹೂಳು ಹೊರುವ ಕೂಲಿಗೆಂದು ಬಂದವಳನ್ನು ಆ ಕೆಲಸ ಮುಗಿದ ಮೇಲೂ ಕಾವಲಿಗೆ ಉಳಿಸಿಕೊಂಡಿದ್ದರು. ಪುಣೆಯಲ್ಲಿ ಕನ್ನಡ ಆಡುವ ಸಾಹೇಬರು ಸಿಕ್ಕಿದ್ದೇ ಅವಳಿಗೆ ದೊಡ್ಡದಾಗಿತ್ತು. ಅವರು ನೀರಿಗೆ ಹೆದರುವುದನ್ನು ಅವಳು ಮೊದಲ ವಾರವೇ ಕಂಡುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ.

ಖಡಕಿಯ ರಸ್ತೆ ಬಿಟ್ಟು ನದಿಯ ಕಡೆ ಇಳಿದರೆ ಬೇವಿನ ಮರಗಳ ನಡುವೆ ಸಿಗುವ ಆ ಕೊಳವನ್ನು ಹಿಂದೆ ಯಾವುದೋ ಪಲ್ಟನ್ನಿನ ಬಿಳಿಯ ಅಧಿಕಾರಿಗಳು ತಮಗಾಗಿ ಕಟ್ಟಿಸಿಕೊಂಡಿದ್ದರು. ಕರಿಕಲ್ಲಿನ ಗೋಡೆ, ಮೇಲೆ ಬರಿಯ ಆಕಾಶ. ಜನ ಅದನ್ನು ಗೋರಾ ಹೊಂಡ, ಬಿಳಿಯರ ಹೊಂಡ, ಎನ್ನುತ್ತಿದ್ದರು. ಆಗ ನಮ್ಮವರು ಯಾರಾದರೂ ಅದರ ಬಾಗಿಲು ದಾಟಿದ್ದರೆ ಅದು ಸಾಹೇಬರ ಟವೆಲು ಹಿಡಿದು ನಿಲ್ಲಲಿಕ್ಕೆ. ಒಂದು ಮಳೆಗಾಲ ನದಿ ಉಕ್ಕಿ ಬಂದು ಕೊಳದ ತುಂಬ ಹೂಳು ಸುರಿದು ಹೋಯಿತು. ಪಲ್ಟನ್ನು ಬೇರೆ ಊರಿಗೆ ಹೊರಟಿತು. ಆಮೇಲೆ ಅಲ್ಲಿ ಜಾಲಿ ಬೆಳೆಯಿತು, ಎಮ್ಮೆಗಳು ಮಲಗಿದವು. ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮರುವರ್ಷ ಪಂಢರಿನಾಥ ವಕೀಲರು ಒಂದು ಮಂಡಳಿ ಕಟ್ಟಿ, ಆ ಜಾಗವನ್ನು ಗುತ್ತಿಗೆಗೆ ಪಡೆದು, ಊರಿನ ಎಲ್ಲರೂ ಈಜುವ ಹಾಗೆ ಅದನ್ನು ಹೊಸದಾಗಿ ಕಟ್ಟಿಸಲು ಹೊರಟರು. ಕೆಲಸದ ಮೇಲ್ವಿಚಾರಣೆಗೆ ಅವರು ಹಿಡಿದದ್ದು ಭುಜಂಗರಾಯರನ್ನು. ರಾಯರು ಧಾರವಾಡದವರು. ಸರಕಾರದ ಓವರ್ಸಿಯರ್ ಆಗಿ ರಸ್ತೆ, ಮೋರಿ, ಸೇತುವೆಗಳಲ್ಲಿ ಆಯುಷ್ಯ ಕಳೆದು, ಹೋದ ವರ್ಷವಷ್ಟೇ ಪುಣೆಯಲ್ಲೇ ನಿವೃತ್ತರಾಗಿದ್ದರು.

"ಒಣ ಹೊಂಡ ಅಂದ್ರ ಬರೇ ಕಲ್ಲಿನ ಕೆಲಸ," ಎಂದು ಅವರು ಮನೆಯಲ್ಲಿ ಹೆಂಡತಿಗೆ ಸಮಾಧಾನ ಹೇಳಿದ್ದರು. "ನೀರು ಬಿಟ್ಟ ದಿವಸ ನನ್ನ ಕೆಲಸ ಮುಗೀತು."

ಆದರೆ ನೀರು ಬಿಟ್ಟ ದಿನದಿಂದಲೇ ನಿಜವಾದ ಕೆಲಸ ಶುರುವಾಯಿತು. ಕಾಲುವೆಯವರು ಒಂದೇ ಒಂದು ಸಲ ನೀರು ಕೊಟ್ಟಿದ್ದರು. ಇನ್ನು ಕೊಡುವುದು ಮಳೆಗಾಲ ಕಳೆದ ಮೇಲೆ. ಖಾಲಿ ಮಾಡಿ ಸೀಳು ಹುಡುಕುವಂತಿಲ್ಲ; ಹುಡುಕದಿದ್ದರೆ ಅದು ತಾನಾಗಿಯೇ ಖಾಲಿಯಾಗುತ್ತದೆ. ಗರಡಿಮನೆಯ ಹುಡುಗರು ಬಂದು ಪಂದ್ಯ ಕಟ್ಟಿ ಮುಳುಗಿದರು, ನೀರನ್ನೆಲ್ಲ ಕಲಕಿದರು, ಏನೂ ಸಿಗಲಿಲ್ಲ ಎಂದು ಹೋದರು. ಯುಗಾದಿ ಪಾಡ್ಯಕ್ಕೆ ಉದ್ಘಾಟನೆ ಎಂದು ವಕೀಲರು ಊರಿಗೆಲ್ಲ ಹೇಳಿಯಾಗಿತ್ತು. ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಒಬ್ಬ ಕಂತ್ರಾಟುದಾರ, ನೀರು ನಿಲ್ಲದ ಹೊಂಡಕ್ಕಿಂತ ಕಟ್ಟಿಗೆಯ ವಖಾರಿ ಮೇಲು ಎಂದು ಮಂಡಳಿಯವರ ಕಿವಿ ಊದುತ್ತಿದ್ದ.

ಅಂದು ಮಧ್ಯಾಹ್ನ ರಾಯರು ಪೇಟೆಯಲ್ಲಿ ತಾವು ಬಾಡಿಗೆಗಿದ್ದ ವಾಡೆಯ ಮನೆಗೆ ಬಂದಾಗ ಹೆಂಡತಿ ಗೋದಾಬಾಯಿ ಉಪ್ಪಿನಕಾಯಿಗೆ ಅರಿಸಿನ ಕಲಸಿ ಮುಗಿಸಿ, ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಳು. ಕಾಲಿಗೆ ನೀರು ಹಾಕಿಕೊಳ್ಳಲು ನಿಂತ ರಾಯರು ಹಾಗೇ ನಿಂತುಬಿಟ್ಟರು. ಅವಳ ಕೈಯಿಂದ ಇಳಿದ ಹಳದಿ ನೀರು ಬಚ್ಚಲ ಕಲ್ಲಿನ ಮೇಲೆ ಒಂದು ಗಳಿಗೆ ಸುಮ್ಮನೆ ಹರಡಿತು. ಆಮೇಲೆ ಯಾರೋ ಕರೆದ ಹಾಗೆ ಎಳೆಯಾಗಿ, ಬಾಗಿ, ನೇರ ತೂತಿನ ಕಡೆ ಹೋಯಿತು.

"ಅರಿಷಿಣ!" ಎಂದರು ರಾಯರು. "ಗೋದಾ, ಅರಿಷಿಣ!"

"ಏನಾತ್ರಿ? ಕಣ್ಣಾಗ ಬಿತ್ತೇನು?"

ಊಟಕ್ಕೆ ಕುಳಿತಾಗ ಅವರು ವಿವರಿಸಿದರು. ಅರಿಸಿನವನ್ನು ಅರಿವೆಯಲ್ಲಿ ಕಟ್ಟಿಕೊಂಡು, ನೀರೊಳಗೆ ಗೋಡೆಯುದ್ದಕ್ಕೂ ನಿಧಾನವಾಗಿ ಹಿಂಡುತ್ತ ಹೋದರೆ, ಸೀಳು ಎಲ್ಲಿದೆಯೋ ಅಲ್ಲಿ ಬಣ್ಣ ಒಳಗೆ ಎಳೆದುಕೊಳ್ಳುತ್ತದೆ. ಮುಳುಗುವವರು ಮಾತ್ರ ನೀರು ಕಲಕಬಾರದು. ಮೀನಿನ ಹಾಗೆ ಇರಬೇಕು.

"ಅಂಥವರು ಯಾರಿದ್ದಾರ? ಆ ಹುಡುಗರು ಎಮ್ಮಿ ಬಿದ್ದಂಗ ಬೀಳ್ತಾರ," ಎಂದರು ರಾಯರು.

ಗೋದಾಬಾಯಿ ಅವರ ಎಲೆಗೆ ಸಾರು ಬಡಿಸಿದಳು. ಬಡಿಸಿ, ಸೌಟನ್ನು ಪಾತ್ರೆಯಲ್ಲಿಟ್ಟು, ಅಲ್ಲೇ ಕುಳಿತಳು.

"ನಾ ಮುಣಗತೀನಿ," ಎಂದಳು.

ರಾಯರು ನಗಲು ಹೋದರು. ಅವಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

"ನಮ್ಮೂರು ಘಟಪ್ರಭಾ ದಂಡಿಗಲ್ಲೇನ್ರಿ? ನಡೀಲಿಕ್ಕ ಕಲಿಯೂ ಮೊದಲ ಈಸಾಡಲಿಕ್ಕ ಕಲಿತಾಕಿ ನಾ. ಹೊಳಿ ತುಂಬಿದಾಗ ಆ ದಂಡಿ ಮುಟ್ಟಿ ಬರತಿದ್ದೆ. ನಮ್ಮಪ್ಪ ಬೈತಿದ್ದ, ಆಮ್ಯಾಲ ಮಂದಿ ಮುಂದ ತಾನ ಹೇಳ್ಕೊಂಡು ಹಿಗ್ಗತಿದ್ದ."

"ಒಂದಿನಾನೂ ಹೇಳಲಿಲ್ಲಲ್ಲ ನೀ ನನಗ."

"ಹ್ಯಾಂಗ ಹೇಳಲಿ? ನಾ ಮನಿ ತುಂಬಿದ ದಿನ ನಿಮ್ಮ ಅವ್ವ ದೇವರ ಮುಂದ ಕೂಡಿಸಿ ಮಾತು ತೊಗೊಂಡ್ರು. ನೀರಿಗೆ ಇಳಿಯೂದಿಲ್ಲ, ನೀರಿನ ಮಾತು ನಿಮ್ಮ ಮುಂದ ಎತ್ತೂದಿಲ್ಲ ಅಂತ."

ರಾಯರ ಅಣ್ಣ ಹದಿಹರೆಯದಲ್ಲಿ ಊರ ಕೆರೆಯಲ್ಲಿ ಮುಳುಗಿ ಸತ್ತಿದ್ದ. ದಂಡೆಯ ಮೇಲೆ ಅವನ ಅಂಗಿ ಹಿಡಿದುಕೊಂಡು ನಿಂತಿದ್ದವರು ಭುಜಂಗರಾಯರೇ. ಆಮೇಲೆ ಆ ಮನೆಯಲ್ಲಿ ಕೆರೆ ಎಂಬ ಶಬ್ದವನ್ನು ಯಾರೂ ಆಡಲಿಲ್ಲ.

"ಅವ್ವ ಹೋಗಿ ಎಷ್ಟ ವರ್ಷ ಆತು," ಎಂದರು ರಾಯರು ಮೆಲ್ಲಗೆ.

"ಹೌದು. ಆಮ್ಯಾಲ ಅವರ ಸಲುವಾಗಿ ಅಲ್ಲ, ನಿಮ್ಮ ಸಲುವಾಗಿ ಸುಮ್ಮನಿದ್ದೆ. ಬಾವಿ ಕಂಡ್ರ ಸುತ್ತಹಾಕಿ ಹೋಗವರು ನೀವು. ನಿಮಗ ಯಾಕ ಹೆದರಿಕಿ ಹಚ್ಚಲಿ ಅಂತ." ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು. "ಆದ್ರ ನೀವು ದಿನಾ ಬಂದು ಆ ಹೊಂಡದ ಮಾತು ಆಡಿ ಆಡಿ, ನನಗ ಎಲ್ಲಾ ನೆನಪಾಗಿಬಿಟ್ಟದ."

ರಾಯರು ಕೈತೊಳೆದು, ಅಂಗಿ ಹಾಕಿಕೊಂಡು ಹೊರಗೆ ಹೋದರು. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದವರ ಹೆಗಲ ಮೇಲೆ ಹೊಸ ಹಗ್ಗದ ಸುರುಳಿ ಇತ್ತು.

"ಟೊಂಕಕ್ಕ ಕಟ್ಟತೀನಿ," ಎಂದರು. "ಕಟ್ಟಿಸ್ಕೊಂಡ್ರ ಕರಕೊಂಡು ಹೋಗ್ತೀನಿ, ಇಲ್ಲಂದ್ರ ಇಲ್ಲ."

ಮರುದಿನ ಬೆಳಕು ಹರಿಯುತ್ತಿದ್ದಂತೆ ಟಾಂಗಾ ಹಿಡಿದು ಇಬ್ಬರೂ ಹೊಂಡಕ್ಕೆ ಬಂದರು. ಕಾಶವ್ವ ಬಾಗಿಲಿಗೆ ಅಗಳಿ ಹಾಕಿದಳು. ಗೋದಾಬಾಯಿ ಕಚ್ಚೆಯನ್ನು ಬಿಗಿದು, ಸೆರಗನ್ನು ಎದೆಗೆ ಸುತ್ತಿ ನಡುವಿಗೆ ಸಿಕ್ಕಿಸಿದಳು. ರಾಯರು ಹಗ್ಗ ಕಟ್ಟಿದರು. ಸೇತುವೆ ಕಟ್ಟಿಸಿದ ಕೈಗೆ ಒಂದು ಗಂಟು ಸರಿಯಾಗಿ ಬೀಳದೆ ಮತ್ತೆ ಬಿಚ್ಚಿ ಕಟ್ಟಿದರು.

ಅವಳು ಮೆಟ್ಟಿಲು ಇಳಿದು, ನೀರು ಕುತ್ತಿಗೆಗೆ ಬಂದಾಗ ಒಮ್ಮೆ ಕಣ್ಣು ಮುಚ್ಚಿ ನಿಂತಳು. ಆಮೇಲೆ ಸದ್ದಿಲ್ಲದೆ ಮಾಯವಾದಳು. ಹಗ್ಗ ಹಾವಿನಂತೆ ಹರಿದು ಒಳಗೆ ಹೋಗತೊಡಗಿತು. ರಾಯರು ಉಸಿರು ಬಿಗಿಹಿಡಿದಿದ್ದರು. ತಮ್ಮ ಉಸಿರು ಮುಗಿದಾಗ ಅವಳದೂ ಮುಗಿದಿರಬೇಕೆಂದು ಹೆದರಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದರು. ಗೋದಾಬಾಯಿ ಕೆಮ್ಮುತ್ತ, ಕೂದಲು ಮುಖಕ್ಕೆಲ್ಲ ಮೆತ್ತಿಕೊಂಡು ಮೇಲೆ ಬಂದಳು.

"ನಾ ಏನ್ ಬಾವ್ಯಾಗ ಬಿಟ್ಟ ಕೊಡಾ ಅಂತ ತಿಳದೀರೇನು?" ಎಂದು ಕೂಗಿದಳು. ಗಂಡನ ಮೇಲೆ ಅವಳು ಆ ದನಿಯಲ್ಲಿ ಎಂದೂ ಕೂಗಿರಲಿಲ್ಲ. ಕಾಶವ್ವ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಭಾಳ ಹೊತ್ತಾತು ಅಂತ..."

"ಈ ಹಗ್ಗ ಕಾಲಿಗೆ ತೊಡಕಾಗ್ತದ್ರಿ. ಇದರಿಂದನ ಮುಣಗಿ ಸಾಯ್ತೀನಿ ನೋಡ್ರಿ ನಾ. ಬಿಚ್ಚರಿ."

ರಾಯರು ಅವಳನ್ನೇ ನೋಡಿದರು. ನೀರಲ್ಲಿ ಅವಳು ನಿಂತಿರಲಿಲ್ಲ; ಕಾಲಿಗೆ ನೆಲ ಸಿಗದ ಕಡೆ, ಪಡಸಾಲೆಯಲ್ಲಿ ಕುಳಿತಷ್ಟು ಹಗುರವಾಗಿ ಇದ್ದಳು. ನೆರೆಗೂದಲಿನ, ಮಂಡಿನೋವೆಂದು ಮೆಟ್ಟಿಲ ಮೇಲೆ ಉಸ್ಸೆನ್ನುವ ಗೋದಾ ಅಲ್ಲ ಅದು. ಅವರು ಕಟ್ಟೆಯ ಅಂಚಿಗೆ ಬಂದು ಮೊಣಕಾಲೂರಿದರು. ಅವಳು ದಡಕ್ಕೆ ಈಸಿ ಬಂದಳು. ಅವರು ಕೈ ಇಳಿಬಿಟ್ಟು ಗಂಟು ಬಿಚ್ಚಿದರು.

ಅವಳು ಅರಿಸಿನದ ಗಂಟು ಹಿಡಿದು ಮತ್ತೆ ಒಳಗೆ ಹೋದಳು. ಮೇಲೆ ಬಂದಳು, ಉಸಿರು ತುಂಬಿಕೊಂಡಳು, ಹೋದಳು. ಹೊತ್ತೇರಿ ನೀರು ತಿಳಿಹಸಿರಾಯಿತು. ಆಳದಲ್ಲಿ ಹಳದಿ ಮೋಡವೊಂದು ಗೋಡೆಗುಂಟ ಮೆಲ್ಲಗೆ ಸಾಗುವುದು ಮೇಲಿನಿಂದ ಕಾಣುತ್ತಿತ್ತು. ನದಿಯ ಕಡೆಯ ಮೂಲೆಗೆ ಬಂದಾಗ ಆ ಮೋಡ ತಡೆಯಿತು, ತೆಳ್ಳಗಾಯಿತು, ಕಲ್ಲಿನೊಳಗೆ ಎಳೆಎಳೆಯಾಗಿ ಇಂಗಿಹೋಯಿತು.

"ಅಲ್ಲೈತ್ರಿ! ಕುಡ್ಯಾಕತ್ತೈತಿ ನೋಡ್ರಿ, ಕುಡ್ಯಾಕತ್ತೈತಿ!" ಎಂದು ಕಾಶವ್ವ ಕುಣಿದಾಡಿದಳು. ಗೋದಾಬಾಯಿ ಮೇಲೆದ್ದಾಗ ಅವಳ ಮುಖ, ಕೈ, ಕುತ್ತಿಗೆ ಎಲ್ಲ ಮದುವೆಯ ಮದುಮಗಳ ಹಾಗೆ ಹಳದಿಯಾಗಿದ್ದವು. ರಾಯರು ಮನೆಯಿಂದ ತಂದಿದ್ದ ಹಾಸಿಗೆಯ ಚಾದರವನ್ನು ಬಿಡಿಸಿ ಅವಳಿಗೆ ಹೊದಿಸಿದರು.

ಜಾಗ ಗೊತ್ತಾದ ಮೇಲೆ ಉಳಿದದ್ದು ರಾಯರಿಗೆ ಗೊತ್ತಿದ್ದ ವಿದ್ಯೆ. ಆ ಮೂಲೆಗೆ ಹೊರಗಡೆಯಿಂದ ಅಗೆಸಿದರು. ಹಳೆಯ ಬೇವಿನ ಮರದ ಬೇರು ಕಲ್ಲುಗಳ ಸಂದಿಗೆ ನುಗ್ಗಿ ಒಣಗಿ, ಸುರಂಗ ಬಿಟ್ಟಿತ್ತು. ಕಪ್ಪು ಜೇಡಿಮಣ್ಣು ತುಳಿಸಿ ಗಟ್ಟಿಯಾಗಿ ತುಂಬಿಸಿದರು. ಮರುದಿನ ನೀರು ಗೆರೆಯಲ್ಲೇ ಇತ್ತು. ಅದರ ಮರುದಿನವೂ ಇತ್ತು. ಸುದ್ದಿ ಕೇಳಿದ ಕಾಲುವೆಯ ಅಧಿಕಾರಿ, ಸೋರಿಹೋದಷ್ಟನ್ನು ತುಂಬಿಕೊಳ್ಳಲು ಒಂದು ದಿನ ತೂಬು ತೆರೆಯಲು ಒಪ್ಪಿದ.

ಪಾಡ್ಯಕ್ಕೆ ಮೊದಲು ವಕೀಲರ ಮನೆಯಲ್ಲಿ ಮಂಡಳಿಯ ಸಭೆ ಸೇರಿತು. ಮಾತೆಲ್ಲ ಮರಾಠಿಯಲ್ಲಿ. ಪಂಢರಿನಾಥ ವಕೀಲರು ರಾಯರಿಗೆ ಹಾರ ಹಾಕಿಸಿ, ಇವರ ಬುದ್ಧಿಯಿಂದ ಹೊಂಡ ಉಳಿಯಿತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಮುಖ್ಯಾಧ್ಯಾಪಕಿ ಕೃಷ್ಣಾಬಾಯಿ ಎದ್ದು ತಮ್ಮ ಹಳೆಯ ಬೇಡಿಕೆಯನ್ನೇ ಎತ್ತಿದರು: ಹೆಂಗಸರಿಗೆ ವಾರದಲ್ಲಿ ಒಂದು ಬೆಳಗ್ಗೆ ಬೇಕು.

"ಬಾಯಿ, ಕೊಡಲಿಕ್ಕೆ ನನಗೇನು?" ಎಂದರು ವಕೀಲರು ನಗುತ್ತ. "ಆದರೆ ಮರ್ಯಾದಸ್ತರ ಮನೆಯ ಯಾವ ಹೆಂಗಸು ಬಯಲಲ್ಲಿ ನೀರಿಗಿಳಿಯುತ್ತಾಳೆ? ಒಬ್ಬಳ ಹೆಸರು ಹೇಳಿ."

ಕೃಷ್ಣಾಬಾಯಿಗೆ ಸ್ವತಃ ಈಜು ಬರುತ್ತಿರಲಿಲ್ಲ. ಅವರು ಕುಳಿತುಕೊಂಡರು. ಇಬ್ಬರು ಸದಸ್ಯರು ಮುಸಿಮುಸಿ ನಕ್ಕರು. ಸಭೆಗಳಲ್ಲಿ ಗೋಡೆಗೆ ಒರಗಿ ಸುಮ್ಮನೆ ಕೂಡುವುದೇ ರಾಯರ ರೂಢಿ. ಅಂದು ಕೊರಳ ಹಾರ ತೆಗೆದು ಜಮಖಾನೆಯ ಮೇಲಿಟ್ಟರು.

"ನನ್ನ ಹೆಂಡತಿ," ಎಂದರು.

"ಏನಂದಿರಿ?"

"ನನ್ನ ಹೆಂಡತಿ ಗೋದಾ. ಸೀಳು ಹುಡುಕಿದವಳೂ ಅವಳೇ. ನಾನು ಮುಳುಗಿದೆ ಅಂದುಕೊಂಡಿದ್ದೀರಾ ನೀವು? ನನಗೆ ಬಚ್ಚಲ ಹಂಡೆ ಕಂಡರೂ ಭಯ." ಅವರ ಮರಾಠಿ ತೊದಲುತ್ತಿತ್ತು, ಆದರೆ ನಿಲ್ಲಲಿಲ್ಲ. "ಅವಳು ಇಳಿಯದಿದ್ದರೆ ಇವತ್ತು ನೀವು ವಖಾರಿಗೆ ಕಲ್ಲು ಇಡುತ್ತಿದ್ದಿರಿ. ಸುತ್ತಲಿನ ಪೌಳಿಗೋಡೆ ಎತ್ತರಿಸಿ ಕಟ್ಟಿಸುವುದು ನನಗೆ ಬಿಡಿ. ಬೆಳಗ್ಗೆ ಮಾತ್ರ ಅವರಿಗೆ ಕೊಡಿ."

ನಕ್ಕವರು ತಲೆ ತಗ್ಗಿಸಿದರು. ವಕೀಲರು ಕನ್ನಡಕ ಒರೆಸಿ ಹಾಕಿಕೊಂಡರು. "ರಾವಸಾಹೇಬ, ಇದನ್ನು ಮೊದಲೇ ಹೇಳಬಾರದಿತ್ತೇ? ಹಾರ ಅಲ್ಲಿಗೆ ಹೋಗಬೇಕಿತ್ತು," ಎಂದರು. ಶುಕ್ರವಾರ ಬೆಳಗ್ಗೆ ಎಂದು ನಿಶ್ಚಯವಾಯಿತು.

ಮೊದಲ ಶುಕ್ರವಾರ ಹತ್ತಾರು ಹೆಂಗಸರು ಬಂದರು. ಕೃಷ್ಣಾಬಾಯಿಯ ಹಳೆಯ ವಿದ್ಯಾರ್ಥಿನಿಯರು, ಅವರ ಅತ್ತಿಗೆ ನಾದಿನಿಯರು, ನೋಡಿಯಾದರೂ ಬರೋಣವೆಂದು ಬಂದ ವಾಡೆಯ ನೆರೆಯವರು. ಮೆಟ್ಟಿಲ ಮೇಲೆ ಗುಂಪಾಗಿ ನಿಂತರು, ಯಾರೂ ಇಳಿಯಲಿಲ್ಲ. ಗೋದಾಬಾಯಿ ಇಳಿದು ಆ ದಡ ಮುಟ್ಟಿ ಬಂದಳು. ತಿರುಗಿ ಬಂದವಳು, ಕಸಬರಿಗೆ ಹಿಡಿದು ದೂರ ನಿಂತಿದ್ದ ಕಾಶವ್ವನನ್ನು ಕರೆದಳು.

"ಬಾ ನೀ."

"ನಾನಾ? ಬ್ಯಾಡ್ರಿ ಬಾಯಾರ. ಇವರೆಲ್ಲಾ ದೊಡ್ಡ ಮನಿಯವ್ರು. ನಮ್ಮೂರಾಗ ಕುಡ್ಯಾಕ ನೀರಿಲ್ಲ, ಈಸಾಡೂದು ಎಲ್ಲಿಂದ ಬರತೈತಿ?"

"ಈ ಹೊಂಡದ ಹೂಳು ಹೊತ್ತಾಕಿ ನೀ. ನೀ ಇಳೀಲಾರದ ಇವರು ಯಾರು ಇಳಿಯವರು?"

ಮೆಟ್ಟಿಲ ಮೇಲಿನ ಒಬ್ಬಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಸೆರಗು ಸರಿಪಡಿಸಿಕೊಂಡು ಹೊರಟೇಹೋದಳು. ಕೃಷ್ಣಾಬಾಯಿ ಅತ್ತ ತಿರುಗಿಯೂ ನೋಡದೆ, ಕಚ್ಚೆ ಬಿಗಿದು, ಕಾಶವ್ವನ ಕೈಯಿಂದ ಕಸಬರಿಗೆ ಇಸಿದುಕೊಂಡು ಗೋಡೆಗೆ ಆನಿಸಿಟ್ಟು, "ಚಲಾ" ಎಂದು ಅವಳ ಕೈ ಹಿಡಿದೇ ಮೆಟ್ಟಿಲು ಇಳಿದರು. ತಣ್ಣೀರು ತಾಗಿ ಇಬ್ಬರೂ ಒಟ್ಟಿಗೆ ಕಿರುಚಿದರು. ಹಿಂದೆ ನಿಂತವರಿಗೆ ನಗು ಬಂತು. ನಗುತ್ತಲೇ ಮತ್ತೊಬ್ಬರು ಇಳಿದರು, ಅವರ ಹಿಂದೆ ಇನ್ನೊಬ್ಬರು.

ಹೊರಗೆ, ಎತ್ತರಿಸಿದ ಪೌಳಿಯ ನೆರಳಲ್ಲಿ, ಭುಜಂಗರಾಯರು ಕಲ್ಲಿನ ಮೇಲೆ ಕುಳಿತಿದ್ದರು. ಹಾದಿಹೋಕರು ಇಣುಕದಂತೆ ನೋಡಿಕೊಳ್ಳುವುದು ತಮ್ಮ ಕೆಲಸವೆಂದು ತಾವೇ ಹೇಳಿಕೊಂಡು ಬಂದಿದ್ದರು. ಇಣುಕಲು ಯಾರೂ ಇರಲಿಲ್ಲ. ಗೋಡೆಯಾಚೆ ಮರಾಠಿ ಕನ್ನಡ ಎರಡೂ ಕಲಸಿದ ಗದ್ದಲ. ಅದರ ನಡುವೆ ಕಾಶವ್ವನ ದನಿ:

"ಬಿಡಬ್ಯಾಡ್ರಿ ಬಾಯಾರ, ನಿಮ್ಮ ಕಾಲ ಬೀಳ್ತೀನಿ, ಬಿಡಬ್ಯಾಡ್ರಿ!"

"ಹಿಡದೀನಿ, ಹಿಡದೀನಿ," ಗೋದಾಬಾಯಿಯ ದನಿ. "ತಲಿ ಹಿಂದಕ್ಕ ಚೆಲ್ಲು. ಆಕಾಶ ನೋಡು."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ರಾಯರು ಕಿವಿಗೊಟ್ಟು ಕುಳಿತರು. ಬೇವಿನ ಹೂವು ಒಂದೆರಡು ಉದುರಿ ಅವರ ರುಮಾಲಿನ ಮೇಲೆ ಬಿದ್ದವು. ಆಮೇಲೆ, ಬಹಳ ಮೆಲ್ಲಗೆ, ಅರ್ಧ ನಗು ಅರ್ಧ ಅಂಜಿಕೆಯಲ್ಲಿ:

"ಈಗ ಬಿಡ್ರಿ."

ಒಳಗೆ ಒಮ್ಮೆಲೇ ಕೇಕೆ ಎದ್ದಿತು. ಯಾರೋ ಧುಮುಕಿದರು, ಅವರ ಬೆನ್ನಿಗೆ ಯಾರೋ. ಹೊಂಡದ ನೀರು ಅಂಚು ಮೀರಿ, ಪೌಳಿಯ ಬುಡದ ಕಿಂಡಿಯಿಂದ ಹೊರಗೆ ಚಿಮ್ಮಿ, ಒಣ ಮಣ್ಣಿನ ಮೇಲೆ ಹರಿದುಬಂತು. ರಾಯರು ಅದು ಬರುವುದನ್ನು ನೋಡಿದರು. ಬಗ್ಗಿ ಚಪ್ಪಲಿಗಳನ್ನು ಕಳಚಿ ಪಕ್ಕದ ಕಲ್ಲಿನ ಮೇಲಿಟ್ಟರು. ಕಾಲುಗಳನ್ನು ನೀರು ಬರುವ ದಾರಿಯಲ್ಲೇ ಬಿಟ್ಟರು.