ನೆಲಕ್ಕೆ ಬಿಗಿದ ಪೆಟ್ಟಿಗೆಗಳು

ಅಕ್ಕ ಹೇಳಿದ್ದೇನೋ ಸರಿಯಾಗಿಯೇ ಇತ್ತು. ಆದರೆ ಅಷ್ಟು ಬೇಗ ಹೇಗೆ ಹೇಳಿದಳು? ಪಿಯಾನೊದ ಮೊದಲ ಸ್ವರ ಬಿದ್ದು, ಅದು ಕಿವಿಯೊಳಗೆ ಇಳಿದು, ಇದು ಯಾವ ಸ್ಪೀಕರಿನದು ಎಂದು ಮನಸ್ಸು ಗುರುತು ಹಿಡಿಯುವುದಕ್ಕೆ ಯಾರಿಗಾದರೂ ಒಂದಿಷ್ಟು ಹೊತ್ತು ಬೇಕು. ಹಗಲೆಲ್ಲ ಅದೇ ಕಸುಬಾದ ತನಗೇ ಬೇಕು. ಅಕ್ಕ ಮಾತ್ರ ಸ್ವರ ಬೀಳುತ್ತಲೇ ಹೇಳಿಬಿಡುತ್ತಿದ್ದಾಳೆ, ಕೈಯಲ್ಲಿರುವ ವಸ್ತುವಿನ ಹೆಸರು ಹೇಳಿದಷ್ಟು ಸಲೀಸಾಗಿ. ಅವನು ಪರದೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಯೋಚಿಸುತ್ತಲೇ ಇದ್ದ.

"ಏನೋ, ನಿದ್ದೆ ಹೋದೆಯಾ ಅಲ್ಲಿ?" ಕಿಟಕಿಯ ಪಕ್ಕದಿಂದ ಭಾವ ಕೂಗಿದರು. "ಆಯ್ತು ಆಯ್ತು, ಇನ್ನೊಂದು ಬರಲಿ. ಕಿವಿ ಪಂಡಿತರು ಸೋಲೋದನ್ನ ನೋಡೋಕೆ ಅಂತಲೇ ಇವತ್ತು ಕ್ಲಿನಿಕ್ಕು ಮುಚ್ಚಿ ಕೂತಿದ್ದೀನಿ."

"ಸೋಲೋದು ನಾನಲ್ಲ ಭಾವ, ನಿಮ್ಮ ಪೆಟ್ಟಿಗೆ," ಎಂದು ಅವನು ಅಲ್ಲಿಂದಲೇ ಹೇಳಿದ. ಗುಂಡಿ ಒತ್ತಿದ. ಪಿಯಾನೊದ ಎಡಗೈಯ ಆಳದ ಸ್ವರ ಬಿತ್ತು.

"ಪೆಟ್ಟಿಗೆ," ಎಂದಳು ಅಕ್ಕ.

ಸರಿ. ಅದೂ ಸರಿಯೇ.

ಪೆಟ್ಟಿಗೆಗಳು ಎಂದರೆ ಭಾವ ಸ್ವಂತ ಕೈಯಿಂದ ಮಾಡಿದ ಸ್ಪೀಕರುಗಳು. ಭಾವ ಹಲ್ಲಿನ ಡಾಕ್ಟರು. ಹಗಲು ಜನರ ಬಾಯಿ ಬಿಡಿಸಿ, ಸಂಜೆ ಮನೆಗೆ ಬಂದು ಮರ ಕೊಯ್ದು, ಅಂಟು ಹಚ್ಚಿ, ಉಪ್ಪುಕಾಗದ ಉಜ್ಜಿ ಸ್ಪೀಕರು ಕಟ್ಟುವುದು ಅವರ ಹಳೆಯ ಹುಚ್ಚು. ಅವುಗಳ ಎದುರಾಳಿಗಳಾದ ಬಾಗಿಲುಗಳು ಎಂದರೆ ಅವನು ತನ್ನ ಅಂಗಡಿಯಿಂದ ಹೊರಿಸಿ ತಂದ ಪ್ಲೇನಾರ್ ಸ್ಪೀಕರುಗಳು. ಆ ಹೆಸರಿಟ್ಟದ್ದೂ ಭಾವನೇ. ಅವು ಮೆಟ್ಟಿಲು ಹತ್ತುವುದನ್ನು ನೋಡಿ, "ಗೋಡೆಯಿಲ್ಲದ ಬಾಗಿಲು ತಂದಿದ್ದೀಯಲ್ಲ, ಇದನ್ನ ತೆಗೆದು ಯಾವ ಕಡೆ ಹೋಗೋದು?" ಎಂದು ಕೇಳಿದ್ದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಳೆತ್ತರದ ಚೌಕಟ್ಟು, ಮೂರು ಬೆರಳಿನಷ್ಟು ದಪ್ಪ. ಅದರೊಳಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಹಾಳೆ. ಮಾಮೂಲಿ ಸ್ಪೀಕರಿನಲ್ಲಿ ಒಂದು ಕೋನು ಮುಂದೆ ಹಿಂದೆ ಓಡಾಡಿ ಗಾಳಿಯನ್ನು ತಳ್ಳಿದರೆ, ಇದರಲ್ಲಿ ಇಡೀ ಹಾಳೆಯೇ ಒಟ್ಟಿಗೆ ಅಲುಗಿ ಹಾಡುತ್ತದೆ. ಮುಂದಕ್ಕೆ ಹಾಡಿದಷ್ಟೇ ಹಿಂದಕ್ಕೂ ಹಾಡುವುದರಿಂದ ಗೋಡೆಗೆ ಅಂಟಿಸಿ ಇಡುವಂತಿಲ್ಲ. ಕೇಳುವವರೂ ನಡುವಿನ ಕುರ್ಚಿಯಲ್ಲೇ ಕೂರಬೇಕು, ಅತ್ತಿತ್ತ ಸರಿದರೆ ಅರ್ಧ ಸೊಗಸು ಹೋಯಿತು. ಆಳದ ಸ್ವರಗಳಿಗೆ ಪೆಟ್ಟಿಗೆಯಷ್ಟು ಮೈಕಟ್ಟೂ ಇಲ್ಲ.

ಈ ಕುಂದುಗಳೆಲ್ಲ ಅವನಿಗೆ ಗೊತ್ತಿದ್ದವು. ಗಿರಾಕಿಗಳಿಗೆ ಮೊದಲು ಹೇಳುವುದೇ ಅವನ್ನು. ಆದರೂ ಅವನು ಬಾಗಿಲುಗಳ ಕಡೆಯವನು. ಪೆಟ್ಟಿಗೆಯಲ್ಲಿ ಸ್ವರ ನಿಂತ ಮೇಲೂ ಮರ ತನ್ನಷ್ಟಕ್ಕೆ ಗುನುಗುತ್ತಿರುತ್ತದೆ. ಪ್ಲೇನಾರಿನಲ್ಲಿ ಸ್ವರ ನಿಂತಿತೆಂದರೆ ನಿಂತಿತು. ಆಮೇಲೆ ಬರುವ ಮೌನಕ್ಕೆ ಯಾರ ಕೈಯ ಗುರುತೂ ಇರುವುದಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಓದಿದ್ದು ಸಾಕೆಂದು ಸ್ಪೀಕರಿನ ಅಂಗಡಿ ಸೇರಿದವನನ್ನು ಅಲ್ಲಿ ಕಟ್ಟಿಹಾಕಿದ್ದು ಆ ಮೌನವೇ. ಮೌನ ಕೇಳುವುದನ್ನು ಕಲಿಸಿದವಳು ಈಗ ಪಿಯಾನೊ ಟೀಚರಾಗಿರುವ ಅಕ್ಕ. ಚಿಕ್ಕಂದಿನಲ್ಲಿ ಅವನನ್ನು ಪಿಯಾನೊ ಪಕ್ಕ ಕೂರಿಸಿ, ಒಂದೇ ಒಂದು ಸ್ವರ ಒತ್ತಿ, "ಪೂರ್ತಿ ಹೋದ ಮೇಲೆ ಕೈ ಎತ್ತು, ಅಲ್ಲೀವರೆಗೂ ಉಸಿರೆತ್ತಬೇಡ" ಎನ್ನುತ್ತಿದ್ದಳು. ಅವನು ಯಾವಾಗಲೂ ಬೇಗ ಎತ್ತುತ್ತಿದ್ದ. "ಇನ್ನೂ ಇದೆ ಕಣೋ, ಕೇಳು," ಎಂದು ಅವಳು ಎತ್ತಿದ ಕೈಯನ್ನು ಕೆಳಗಿಳಿಸುತ್ತಿದ್ದಳು. ಅಕ್ಕನ ಕಿವಿ ಎಂದರೆ ಮನೆಮಂದಿಗೆಲ್ಲ ಹೆಮ್ಮೆ. ಅಂಥ ಕಿವಿಯ ಮುಂದೆ ಇಷ್ಟು ವರ್ಷ ಭಾವನ ಮರದ ಗುನುಗು ನಿಂತಿದೆಯಲ್ಲ ಎಂಬುದೇ ಅವನ ಹೊಟ್ಟೆಯುರಿ. ಒಮ್ಮೆ ಅವಳು ಬಾಗಿಲುಗಳನ್ನು ಕೇಳಿದರೆ ಸಾಕು, ಮುಂದಿನದೆಲ್ಲ ತಾನಾಗಿಯೇ ಆಗುತ್ತದೆ ಎಂದುಕೊಂಡು ಬಂದಿದ್ದ.

ಯಾವ ಜೋಡಿ ಹಾಡುತ್ತಿದೆಯೆಂದು ಅಕ್ಕ ನೋಡದೆ ಕಿವಿಯಿಂದಲೇ ಹೇಳಲೆಂದು ಹಗ್ಗ ಕಟ್ಟಿ, ಬೆಡ್‌ಶೀಟು ಇಳಿಬಿಟ್ಟು, ಎರಡು ಜೋಡಿಯ ಸದ್ದನ್ನೂ ಮೀಟರು ಹಿಡಿದು ಸಮ ಮಾಡಿದ್ದ. ಪೆಟ್ಟಿಗೆಗಳನ್ನು ಸರಿಸಲು ಹೋದಾಗ ಮಾತ್ರ ತಕರಾರು ಎದ್ದಿತ್ತು. ಅವು ಜಗ್ಗಲಿಲ್ಲ. ಬಗ್ಗಿ ನೋಡಿದರೆ ಭಾವ ಅವನ್ನು ನೆಲದ ಹಲಗೆಗೇ ಸ್ಕ್ರೂ ಹಾಕಿ ಬಿಗಿದುಬಿಟ್ಟಿದ್ದರು.

"ಏನು ಭಾವ ಇದು? ಸ್ಪೀಕರಿನ ಕೆಳಗೆ ರಬ್ಬರು ಇಡಬೇಕು ಅಂತ ನಿನ್ನೆ ಮೊನ್ನೆ ಕಲಿತೋರಿಗೂ ಗೊತ್ತು. ಇಲ್ಲದಿದ್ರೆ ಸ್ಪೀಕರಿನ ಜೊತೆ ನೆಲಾನೂ ಹಾಡುತ್ತೆ."

"ಹಲ್ಲು ಕೂರಿಸೋ ಕೈಯಪ್ಪಾ ಇದು. ಅಲ್ಲಾಡೋದು ಕಂಡ್ರೆ ಬಿಗಿದೇ ತೀರಬೇಕು."

"ನೆಲದ ಕಾರ್ಪೆಟ್ಟೂ ಕಾಣಿಸ್ತಿಲ್ಲ."

"ಧೂಳು. ನಿಮ್ಮಕ್ಕನಿಗೆ ಸೀನು ಬರುತ್ತೆ," ಎಂದು ಭಾವ ಮಾತು ಮುಗಿಸಿದ್ದರು. ಹುಚ್ಚಿಗೆ ಮದ್ದಿಲ್ಲವೆಂದು ಅವನೂ ಪೆಟ್ಟಿಗೆಗಳನ್ನು ಇದ್ದಲ್ಲೇ ಬಿಟ್ಟು, ಬಾಗಿಲುಗಳನ್ನು ಅವುಗಳ ಪಕ್ಕ ನಿಲ್ಲಿಸಿದ್ದ. ರಬ್ಬರಿಲ್ಲದೆ ಹೋಲಿಕೆಗೆ ಇಳಿದದ್ದು ಅವನ ವೃತ್ತಿಯಲ್ಲಿ ಅದೇ ಮೊದಲು.

ಈಗ ಆ ಸ್ಕ್ರೂಗಳ ನೆನಪಾಗಿ ಅವನ ತಲೆಯಲ್ಲಿ ಏನೋ ಮಿಂಚಿತು. ಪರೀಕ್ಷೆ ಮಾಡಿಯೇ ಬಿಡೋಣವೆಂದು ಈ ಸಲ ಅವನು ವಾದನವನ್ನು ಮೊದಲಿನಿಂದ ಹಾಕಲಿಲ್ಲ. ಬಲಗೈಯ ಎತ್ತರದ ಸ್ವರಗಳಷ್ಟೇ ಇರುವ ನಡುಭಾಗದಿಂದ, ಪೆಟ್ಟಿಗೆಗಳ ಮೇಲೆ ಹಾಕಿದ. ಎಡಗೈ ಸುಮ್ಮನಿತ್ತು. ಅಕ್ಕನೂ ಸುಮ್ಮನಿದ್ದಳು. ಸ್ವರಗಳು ಒಂದರ ಹಿಂದೊಂದು ಉದುರುತ್ತಲೇ ಹೋದವು. ಕೊನೆಗೆ ಎಡಗೈ ಬಂದು ಆಳದ ಸ್ವರ ಒತ್ತಿದ್ದೇ ತಡ, "ಪೆಟ್ಟಿಗೆ" ಎಂದಳು.

ಅವನಿಗೆ ನಗು ಬಂತು. ಕಳ್ಳಿ. ಬರಿಗಾಲು ನೆಲದ ಮೇಲಿಟ್ಟು ಉತ್ತರ ಕದಿಯುತ್ತಿದ್ದಾಳೆ. ಪೆಟ್ಟಿಗೆ ಹಾಡಿದರೆ ಹಲಗೆ ನಡುಗುತ್ತದೆ. ಬಾಗಿಲು ಹಾಡಿದರೆ ಇಲ್ಲ. ಇದಕ್ಕೆ ಕಿವಿಯೇ ಬೇಡ. ಚಿಕ್ಕಂದಿನ ಆಟಗಳಲ್ಲೂ ಅವಳು ಹೀಗೆಯೇ, ಗೆಲ್ಲುವುದೆಂದರೆ ಗೆಲ್ಲಲೇಬೇಕು.

"ಚಹಾ ತರ್ತೀನಿ," ಎಂದು ಭಾವ ಎದ್ದರು. "ಪಂಡಿತರ ಗಂಟಲು ಒಣಗಿರಬೇಕು." ಮೆಟ್ಟಿಲಿಳಿದು ಹೋದ ಹೆಜ್ಜೆಯ ಸದ್ದು ಕೇಳಿಸಿತು.

ಅವನು ಚೀಲದಿಂದ ಸ್ಕ್ರೂಡ್ರೈವರು ತೆಗೆದ. "ಅಕ್ಕಾ, ಒಂದು ನಿಮಿಷ ತಾಳು," ಎಂದ. ಅವಳು ಉತ್ತರ ಕೊಡಲಿಲ್ಲ. ಸಿಕ್ಕಿಬಿದ್ದಳೆಂದು ಮುನಿಸಿರಬೇಕು ಎಂದುಕೊಂಡು ಅವನು ಒಳಗೊಳಗೇ ನಕ್ಕ. ಸ್ಕ್ರೂಗಳನ್ನು ಬಿಚ್ಚಿ ಜೇಬಿಗಿಳಿಸಿ, ಪೆಟ್ಟಿಗೆಗಳ ಕೆಳಗೆ ದಪ್ಪ ರಬ್ಬರಿನ ತುಂಡುಗಳನ್ನು ತೂರಿಸಿದ. ಅಂಗೈಯನ್ನು ನೆಲಕ್ಕೊತ್ತಿ ಸಣ್ಣಗೆ ಹಾಡಿಸಿ ನೋಡಿದ. ನೆಲ ಸತ್ತಂತಿತ್ತು. ಈಗ ಕೇಳು ನೋಡೋಣ.

ಮತ್ತೆ ಮೊದಲಿನಿಂದ, ಮತ್ತೆ ಪೆಟ್ಟಿಗೆಗಳನ್ನೇ ಹಾಕಿದ. ಎಡಗೈಯ ಸ್ವರ ಬಿತ್ತು. ಅಕ್ಕ ಮಾತಾಡಲಿಲ್ಲ. ಅವನು ಪರದೆಯ ಅಂಚಿನಿಂದ ಇಣುಕಿದ. ಅವಳ ಮುಖ ಶಾಂತವಾಗಿತ್ತು. ಕಾಲಿನ ಬೆರಳುಗಳು ಮಾತ್ರ ಹಲಗೆಯನ್ನು ಒತ್ತಿ ಒತ್ತಿ ನೋಡುತ್ತಿದ್ದವು, ಕತ್ತಲಲ್ಲಿ ಸ್ವಿಚ್ಚು ತಡಕುವ ಕೈಯ ಹಾಗೆ.

"ಬಾಗಿಲು," ಎಂದಳು.

ತಮಾಷೆ ಮಾಡುತ್ತಿದ್ದಾಳೆಂದುಕೊಂಡ. ಏನೂ ಹೇಳದೆ ಬಾಗಿಲುಗಳಿಗೆ ಬದಲಾಯಿಸಿದ. ಪಿಯಾನೊ ಕೋಣೆಯೊಳಗೇ ಬಂದು ನಿಂತ ಹಾಗಾಯಿತು. ಯಾರಾದರೂ ಹೇಳುವಷ್ಟು ವ್ಯತ್ಯಾಸ. ಅವನ ಅಂಗಡಿಯಲ್ಲಿ ಸುಮ್ಮನೆ ಹೊತ್ತು ಕಳೆಯಲು ಬಂದವರೂ ಇಲ್ಲಿ ತಲೆಯೆತ್ತಿ ನೋಡುತ್ತಾರೆ.

"ಇದೂ ಬಾಗಿಲೇ," ಎಂದಳು ಅಕ್ಕ. ಆ ಧ್ವನಿಯಲ್ಲಿ ತಮಾಷೆಯಿರಲಿಲ್ಲ. ಊಹೆ ಮಾಡುವವರ ಧ್ವನಿ ಅದು. ಅಕ್ಕನ ಬಾಯಲ್ಲಿ ಅವನು ಅದನ್ನು ಹಿಂದೆಂದೂ ಕೇಳಿರಲಿಲ್ಲ.

ಅವನು ಸ್ವಿಚ್ಚಿನಿಂದ ಬೆರಳು ತೆಗೆದ. ಅವಳು ಕದಿಯುತ್ತಿರಲಿಲ್ಲ. ಅವಳಿಗೆ ಉಳಿದಿದ್ದದ್ದೇ ಆ ನೆಲ. ಅದನ್ನು ತಾನು ಈಗಷ್ಟೇ ರಬ್ಬರಿಟ್ಟು ಕಿತ್ತುಕೊಂಡಿದ್ದ.

ತಲೆ ತಿರುಗಿಸಿದಾಗ ಕೋಣೆಯ ಬಾಗಿಲಲ್ಲಿ ಭಾವ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಯಾವಾಗ ಬಂದರೋ. ತಾವೇ ಕಟ್ಟಿದ ಪೆಟ್ಟಿಗೆಯ ಸದ್ದು ಅವರಿಗೆ ಮೆಟ್ಟಿಲ ಬುಡದಿಂದಲೂ ಗುರುತು ಸಿಗುತ್ತದೆ. ಅವರ ಕಣ್ಣು ಪರದೆಯ ಪಕ್ಕದಿಂದ ಇಣುಕುತ್ತಿದ್ದ ರಬ್ಬರಿನ ತುಂಡಿನ ಮೇಲಿತ್ತು. ಮತ್ತೆ ಅವನ ಮುಖಕ್ಕೆ ಬಂತು. ತಲೆಯನ್ನು ಕಂಡೂ ಕಾಣದಷ್ಟು, ಬೇಡವೆಂಬಂತೆ ಆಡಿಸಿದರು.

ಆಮೇಲೆ ಅಕ್ಕನ ಎದುರಿಗೆ ಹೋಗಿ, ಅವಳು ತಮ್ಮ ಮುಖ ನೋಡುವವರೆಗೂ ಕಾದು, ನಿಧಾನವಾಗಿ ಹೇಳಿದರು: "ಎಲ್ಲಾ ಸರಿ. ಒಂದೂ ತಪ್ಪಿಲ್ಲ. ನಿನ್ನ ತಮ್ಮ ಬಾಯಿ ಮುಚ್ಚಿಕೊಂಡು ಕೂತಿದ್ದಾನೆ ನೋಡು, ಅಷ್ಟು ಸರಿ."

"ನನ್ನ ಕೈಲಿ ಸೋಲೋದು ಅವನಿಗೆ ಹೊಸದಾ?" ಎಂದು ಅಕ್ಕ ನಕ್ಕಳು.

"ಸಕ್ಕರೆ ಮರೆತೆ," ಎಂದು ಭಾವ ಮತ್ತೆ ಕೆಳಗಿಳಿದರು. ತಟ್ಟೆಯಲ್ಲಿ ಸಕ್ಕರೆಯ ಬಟ್ಟಲು ಇದ್ದೇ ಇತ್ತು.

ಅವನು ಪರದೆ ಸರಿಸಿ ಬಂದು ಅಕ್ಕನ ಮುಂದೆ ನೆಲದ ಮೇಲೆ ಕೂತ. ಅಕ್ಕ ಬಗ್ಗಿ ಅವನ ಮುಖ ನೋಡಿದಳು.

"ತಪ್ಪು ಹೇಳಿದೆ ಅಲ್ವೇನೋ?"

"ಹ್ಞೂಂ."

"ನಂಗೆ ಹೇಳುವಾಗಲೇ ಗೊತ್ತಾಯ್ತು. ನೆಲದಲ್ಲಿ ಏನೋ ಮಾಡಿದೆ ನೀನು."

"ಎಷ್ಟು ದಿನದಿಂದ ಹೀಗೆ?"

"ಎತ್ತರದ್ದು ಮೊದಲು ಹೋಯ್ತು. ಈಗ ನಡುವಿನದ್ದೂ ಮಸುಕು. ಎರಡು ಜೋಡೀನೂ ಕೇಳುತ್ತೆ ಕಣೋ, ಇಲ್ಲ ಅಂತಲ್ಲ. ಎರಡೂ ಒಂದೇ ಥರ ಕೇಳುತ್ತೆ, ಅಷ್ಟೇ." ಅವಳು ಅದನ್ನು ಅಳುಕಿಲ್ಲದೆ, ಪಾಠ ಹೇಳುವ ದನಿಯಲ್ಲಿ ಹೇಳಿದಳು. "ಮುಖ ಸಪ್ಪೆ ಮಾಡ್ಕೋಬೇಡ. ಡಾಕ್ಟರಿಗೆ ತೋರಿಸಿದ್ದೀನಿ, ಕಿವಿಗೆ ಮಿಷನ್ನೂ ಬರುತ್ತೆ. ಅಲ್ಲೀವರೆಗೂ ನಂಗೆ ಪಾದ ಇದೆ. ಪಿಯಾನೊ ಪೆಡಲ್ ಮೇಲೆ ಇಷ್ಟು ವರ್ಷ ಇಟ್ಟಿದ್ದು ಸುಮ್ನೆ ಹೋಗಲ್ಲ. ಯಾರು ಯಾವ ಬೆರಳು ತಪ್ಪಿಟ್ಟರು ಅಂತ ಈಗಲೂ ಹೇಳ್ತೀನಿ, ನೋಡು."

"ಭಾವನಿಗೆ?"

"ಹೇಳಿಲ್ಲ. ನೀನೂ ಹೇಳಕೂಡದು." ಅವಳು ಅವನ ಕಿವಿ ಹಿಡಿದು ಹಗುರವಾಗಿ ತಿರುಚಿದಳು. "ಅವರು ಆ ಪೆಟ್ಟಿಗೆ ಕಟ್ಟೋದು ಯಾರಿಗೆ ಅಂದ್ಕೊಂಡೆ? ಒಂದೊಂದು ಮುಗಿದಾಗಲೂ ನನ್ನ ಇಲ್ಲಿ ಕೂರಿಸಿ, ಏನಂತೀಯಾ ಅಂತ ಕೇಳ್ತಾರೆ. ಕೇಳೋ ಕಿವಿ ಇಲ್ಲ ಅಂತ ಗೊತ್ತಾದ್ರೆ ಉಳಿ ಮುಟ್ಟಲ್ಲ ಆ ಮನುಷ್ಯ. ಈಗ ಕಟ್ಟಿರೋ ಈ ಜೋಡಿ ಹೇಗೋ ನಂಗೆ ಹೇಳಿ ಮಾಡಿಸಿದ ಹಾಗಿದೆ. ಅದೃಷ್ಟ."

ಅದೃಷ್ಟ ಎಂಬ ಮಾತು ಕಿವಿಗೆ ಬಿದ್ದಾಗ ಅವನು ಅವಳ ಕುರ್ಚಿಯ ಕಾಲುಗಳನ್ನು ನೋಡುತ್ತಿದ್ದ. ನಾಲ್ಕರ ತುದಿಯ ರಬ್ಬರು ಟೋಪಿಗಳನ್ನೂ ಯಾರೋ ಕಿತ್ತು, ಮರವನ್ನು ನೆಲಕ್ಕೆ ಸಪಾಟಾಗಿ ಕೂರುವ ಹಾಗೆ ಉಜ್ಜಿದ್ದರು. ಹಲ್ಲು ಉಜ್ಜಿ ಕೂರಿಸುವ ಕೈಯ ನಾಜೂಕು. ಕಾರ್ಪೆಟ್ಟು ಹೋದದ್ದು ಧೂಳಿಗಲ್ಲ. ಸ್ಕ್ರೂ ಬಿದ್ದದ್ದು ಅಭ್ಯಾಸಬಲಕ್ಕಲ್ಲ. ನಿನ್ನೆ ಮೊನ್ನೆ ಕಲಿತವನೂ ಮಾಡದ ತಪ್ಪನ್ನು ಭಾವ ತಿಳಿದೂ ತಿಳಿದೂ, ಒಂದೊಂದು ತಿರುವಿಗೂ ಯೋಚಿಸಿ ಮಾಡಿದ್ದರು.

ಭಾವ ಮೇಲೆ ಬಂದಾಗ ಕೈಯಲ್ಲಿ ಸಕ್ಕರೆಯಿರಲಿಲ್ಲ, ಸ್ಕ್ರೂಡ್ರೈವರಿತ್ತು. ಪರದೆಯ ಹಿಂದೆ ಹೋಗಿ ಮಂಡಿಯೂರಿ ಕೂತರು. ಅವನೂ ಹಿಂದೆಯೇ ಹೋದ. ಭಾವ ಅಂಗೈ ಚಾಚಿದರು. ಅವನು ಜೇಬಿನಿಂದ ಸ್ಕ್ರೂಗಳನ್ನು ತೆಗೆದು ಅದರಲ್ಲಿಟ್ಟ.

"ಯಾವಾಗ ಗೊತ್ತಾಯ್ತು ಭಾವ?" ಎಂದು ಪಿಸುಗುಟ್ಟಿದ.

"ಮೆಲ್ಲಗೆ ಯಾಕೆ ಮಾತಾಡ್ತೀಯಾ?" ಭಾವ ತಲೆ ಎತ್ತದೆ, ಪೆಟ್ಟಿಗೆಯನ್ನು ಓರೆ ಮಾಡಿ ರಬ್ಬರು ಎಳೆದರು. "ಅವಳೇ ಹೇಳಲಿ. ಹೇಳೋ ದಿನ ಹೇಳ್ತಾಳೆ. ಅಲ್ಲೀವರೆಗೂ ನಂಗೇನೂ ಗೊತ್ತಿಲ್ಲ. ಈ ಮೂಲೆ ಒತ್ತಿ ಹಿಡಿ."

ಅವನು ಒತ್ತಿ ಹಿಡಿದ. ಸ್ಕ್ರೂ ತನ್ನ ಹಳೆಯ ತೂತಿನೊಳಗೆ ಸರಾಗವಾಗಿ ಇಳಿಯಿತು. ಎರಡು ಪೆಟ್ಟಿಗೆಗಳೂ ನೆಲಕ್ಕೆ ಕಚ್ಚಿಕೊಂಡ ಮೇಲೆ ಭಾವ ಅಂಗೈಯಿಂದ ಒಂದನ್ನು ತಟ್ಟಿದರು. ಆ ಕಡೆಯಿಂದ ಅಕ್ಕ, "ಏನ್ರೀ, ಮತ್ತೆ ಶುರುವಾ?" ಎಂದಳು.

ಪರದೆ ಬಿಚ್ಚಿದರು. ಅಂಗಡಿಯಲ್ಲಿ ಇಂಥ ಹೊತ್ತಿಗೆ ಅವನ ಬಾಯಿಗೆ ಹತ್ತೆಂಟು ಮಾತು ಬರುತ್ತಿದ್ದವು: ಕೋಣೆ ಇಷ್ಟುದ್ದವಿದ್ದರೆ ಇದು, ಡೋಲು ಇಷ್ಟವಿದ್ದರೆ ಅದು, ಒಬ್ಬರೇ ಕೂತು ಕೇಳುವವರಾದರೆ ಮತ್ತೊಂದು. ಇವತ್ತು ಅದಾವುದೂ ಬೇಕಾಗಲಿಲ್ಲ.

"ಹ್ಞಾಂ, ಹೇಳಿ ಪಂಡಿತರೇ," ಎಂದರು ಭಾವ, ಚಹಾ ಕೈಗೆ ಕೊಡುತ್ತಾ. "ಯಾರು ಗೆದ್ದರು?"

"ಈ ಕೋಣೆಗೆ ಪೆಟ್ಟಿಗೆನೇ ಸರಿ. ಬಾಗಿಲು ನಾಳೆ ವಾಪಸ್ ಒಯ್ತೀನಿ," ಎಂದ ಅವನು. ಸ್ಪೀಕರುಗಳ ವಿಷಯದಲ್ಲಿ ಅಷ್ಟು ಖಾತ್ರಿಯಿಂದ ಅವನು ಹಿಂದೆಂದೂ ಮಾತಾಡಿರಲಿಲ್ಲ. "ಸ್ಕ್ರೂ ಮಾತ್ರ ಆಗಾಗ ನೋಡ್ಕೋತಾ ಇರಿ ಭಾವ, ಸಡಿಲ ಆಗದ ಹಾಗೆ."

"ಅದನ್ನ ನೀನು ನಂಗೆ ಹೇಳಿಕೊಡು," ಎಂದು ಭಾವ ಮೂಗು ಮುರಿದು, ವಾದನವನ್ನು ಮೊದಲಿನಿಂದ ಹಾಕಿದರು. ಎಡಗೈಯ ಆಳದ ಸ್ವರ ಬಿತ್ತು. ಅಕ್ಕನ ಪಾದಗಳು ಹಲಗೆಯ ಮೇಲೆ ನೆಮ್ಮದಿಯಾಗಿ ಹರಡಿಕೊಂಡವು. ವಾದನ ಮುಗಿದ ಮೇಲೆ ಮರ ಇನ್ನೂ ಸ್ವಲ್ಪ ಹೊತ್ತು ಗುನುಗುತ್ತಿತ್ತು. ಅಭ್ಯಾಸಬಲದಿಂದ ಅವನು ಕೈಯೆತ್ತಿದ. ಅಕ್ಕ ಅದನ್ನು ಹಿಡಿದು ಕೆಳಗಿಳಿಸಿದಳು. "ಇನ್ನೂ ಇದೆ ಕಣೋ."

ಇತ್ತು. ಅವನು ಚಹಾ ಕುಡಿದು, ಹಗ್ಗ ಸುತ್ತಿಟ್ಟು, ಇಬ್ಬರಿಗೂ ಬರುತ್ತೇನೆಂದು ಹೇಳಿ ಹೊರಟ. ಭಾವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದನ್ನು ಮಾತ್ರ ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.