ಬಾಲ್ಕನಿಯ ತೊಗರಿ

ಇವತ್ತು ಮೇಡಂ ಕೇಳಿಬಿಟ್ಟರೆ ಏನು ಹೇಳಲಿ ಎಂಬ ಅಳುಕು ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತುವಾಗಲೇ ಶೈಲಶ್ರೀಯನ್ನು ಹಿಡಿದಿತ್ತು. ಗಾಳಿಗುಳ್ಳೆ ಸೇರಿ ಕೆಟ್ಟಿದ್ದ ತೊಗರಿ ಪರಾಗದ ಸ್ಲೈಡನ್ನು ತೊಳೆದಿಡಲು ಅವರು ಹೇಳಿದ್ದರು. ಅವಳು ತೊಳೆದಿರಲಿಲ್ಲ.

ತೊಗರಿ, ಅಲಸಂದೆ, ಅವರೆ ಒಂದೇ ಬಳಗದವು. ಅವುಗಳ ಪರಾಗದ ಹೊರಗೋಡೆ ಎಲ್ಲಿ ಹೋಲುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ನೋಡುವುದೇ ಅವಳ ಎಂ.ಎಸ್ಸಿ. ಪ್ರಾಜೆಕ್ಟು. ತೊಗರಿ ಹೂ ಮನೆಯದೇ. ಅಜ್ಜಿ ನೀಲಗಂಗಾ ಬಾಲ್ಕನಿಯ ಹಳೇ ಡ್ರಮ್ಮಿನಲ್ಲಿ ಬೆಳೆಸಿದ್ದು.

"ಹೂವಿನ ಪುಡಿ ನೋಡಾಕ ಕಾಲೇಜಿಗೆ ಹೊಕ್ಕೀಯೇನವಾ? ತಡಿ, ಬ್ಯಾಳಿ ಆಗ್ಲಿ, ಸಾರ್ ಮಾಡಿ ಹಾಕ್ತೀನಿ" ಎಂದು ಅಜ್ಜಿ ನಗುತ್ತಿದ್ದಳು. ಆದರೂ ಅರಳಲಿರುವ ಮೊಗ್ಗನ್ನು ಅವಳೇ ಹುಡುಕಿ ಹರಿದುಕೊಡುತ್ತಿದ್ದಳು. ಅಜ್ಜಿ ತೀರಿಕೊಂಡಾಗ ದಿನಕರ್ಮಕ್ಕೆಂದು ಎಲ್ಲರೂ ವಿಜಯಪುರಕ್ಕೆ ಹೋದರು. ಮರಳಿ ಬರುವಷ್ಟರಲ್ಲಿ ನೀರಿಲ್ಲದೆ ಗಿಡ ಒಣಗಿತ್ತು.

ಖಾರಘರದ ಲ್ಯಾಬಿನಲ್ಲಿ ಉಡುಪಿ ಕಡೆಯ ಜಯಲತಾ ಮೇಡಂ ಕೇಳಿಯೇಬಿಟ್ಟರು. "ಎಂತ ಮಾರಾಯ್ತಿ, ಇನ್ನೂ ತೊಳೀಲಿಲ್ವಾ? ಅದರಲ್ಲಿ ಗುಳ್ಳೆ ಬಿಟ್ರೆ ಎಂತ ಉಂಟು? ಬೇರೆ ಹೂ ತಾ, ಹೊಸತು ಮಾಡುವ."

ಶೈಲಶ್ರೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಸ್ಲೈಡ್ ಮಾಡುವ ಮುನ್ನ ಹಾಕಿದ್ದ ಆ್ಯಸಿಡ್ಡಿಗೆ ಪರಾಗದ ಒಳಗಿನದೆಲ್ಲ ಕರಗಿ, ಸಣ್ಣ ಬಲೆಯಂಥ ಗೋಡೆಯಷ್ಟೇ ಗುಳ್ಳೆಯ ಅಂಚಿನಲ್ಲಿ ಉಳಿದಿತ್ತು. ಎಂದಿನಂತೆ "ಹೂಂರಿ ಮೇಡಂ" ಎನ್ನಲು ಹೊರಟವಳು ತಲೆ ಎತ್ತಿದಳು.

"ಬ್ಯಾರೆ ಹೂ ತರ್ತೀನ್ರಿ. ಇದನ್ನ ಮಾತ್ರ ತೊಳ್ಯಾಂಗಿಲ್ರಿ ಮೇಡಂ. ಇದು ನಮ್ಮಜ್ಜಿ ಹರಿದುಕೊಟ್ಟ ಕಡೀ ಹೂವಿಂದು."